ಹಣ್ಣು ಬೆಳೆದ ಹಿರಿಯರ ದಾನವೆಂದರೆ ಶಾಲೆ, ಛತ್ರ ಕಟ್ಟಿಸಿದ್ದು ಮಾತ್ರವೇ? ಉತ್ತರ ಕನ್ನಡದಲ್ಲಿ ಬೇರೆ ಬಗೆಯ ಉದಾಹರಣೆ ಇದೆಯೇ?

ಇದೆ, ಅದಕ್ಕೆ ನಾಮಫಲಕ ಇಲ್ಲದ್ದರಿಂದ ಕಣ್ಣಿಗೆ ಬೀಳುವುದು ಕಡಿಮೆ. ಶಿರಸಿ, ಸಿದ್ದಾಪುರ ಸೀಮೆಯ ಹೊಳೆದಂಡೆಗಳಲ್ಲಿ ತಾನಾಗಿ ಹುಟ್ಟಿದ ಅಪ್ಪೆಮಿಡಿ (ಉಪ್ಪಿನಕಾಯಿಗೆ ಬಳಸುವ ಪರಿಮಳದ ಎಳೆ ಮಾವು) ಮರಗಳಿಗೆ ಒಂದೊಂದಕ್ಕೂ ಬೇರೆಯೇ ಪರಿಮಳವಿದ್ದು, ಗೊರಟೆ ನೆಟ್ಟರೆ ತಾಯಿಮರದ ಗುಣವೇ ಬಂದೀತೆಂಬ ಭರವಸೆ ಇಲ್ಲ. ಆದ್ದರಿಂದ ಒಳ್ಳೆಯ ಮರವನ್ನು ಗುರುತಿಸಿ, ಅದರ ಕುಡಿಯನ್ನು ಕಾಟುಮಾವಿನ ಸಸಿಗೆ ಕಸಿ ಕಟ್ಟಿ, ಕೇಳಿ ಬಂದ ನೆರೆಯವರಿಗೂ ಕುಡಿ ಕೊಟ್ಟವರನ್ನೇ ನಾನು ಮೊದಲ ದಾನಿಗಳೆಂದು ಎಣಿಸುತ್ತೇನೆ. ಕುಡಿ ಕೊಯ್ಯುವುದಕ್ಕೆ ವಾರ, ಹತ್ತು ದಿನ ಮೊದಲೇ ತೊಟ್ಟಿನ ತುಂಡಷ್ಟೇ ಉಳಿಸಿ ಎಲೆ ಸವರಿದರೆ ಮೊಗ್ಗು ಉಬ್ಬುತ್ತದೆ. ಬಳಿಕ ಅದರ ಬುಡವನ್ನು ಬೆಣೆಯಂತೆ ಕೆತ್ತಿ, ಸಸಿಯ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಹೀಗೆ ಕೈಯಿಂದ ಕೈಗೆ ದಾಟಿದ ತಳಿಗಳಲ್ಲಿ ‘ಅನಂತಭಟ್ಟನ ಅಪ್ಪೆ’ಯೂ ಒಂದು. ಆ ಹೆಸರು ಯಾವ ಶಿಲಾಫಲಕದ ನೆರವೂ ಇಲ್ಲದೆ ಉಪ್ಪಿನಕಾಯಿ ಭರಣಿಯ ಮೂಲಕವೇ ಉಳಿದುಬಂದಿದೆ.

ಕರಾವಳಿಯ ಕಡೆ ಅಂಕೋಲೆಯ ಕರಿ ಇಷಾಡು ಮಾವಿನ ಕಥೆಯೂ ಇದಕ್ಕೆ ಹತ್ತಿರದ್ದು. ಸಿಪ್ಪೆ ತೀರ ತೆಳುವಾದ, ತಿರುಳು ತುಂಬಿದ ಈ ಹಣ್ಣು ದೂರದ ಪ್ರಯಾಣ ತಾಳದು. ಆದರೂ ಮನೆಯಂಗಳದಲ್ಲಿ ಮರ ಕಾಪಾಡಿಕೊಂಡು ಬಂದವರಿಂದಾಗಿ ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಒಂದು ಪ್ರದೇಶದ ವಿಶಿಷ್ಟ ಉತ್ಪನ್ನದ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ, ದೊರೆಯಿತು. ಈ ಮಾನ್ಯತೆ ಯಾರೊಬ್ಬರ ಖಾಸಗಿ ಸ್ವತ್ತಲ್ಲ, ಆ ಪ್ರದೇಶದ ಬೆಳೆಗಾರರೆಲ್ಲರ ಪರವಾಗಿ ಇರುವಂಥದ್ದು. ನೋಂದಾಯಿಸಿಕೊಂಡ ಯಾವ ಬೆಳೆಗಾರರೂ ಆ ಹೆಸರನ್ನು ಬಳಸಬಹುದು.