ಮಲಕಾಲ್‌ಗೆ ಮರಳುವ ಹಂಬಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವೈಯಕ್ತಿಕ ವಿವರಗಳನ್ನು ಬದಲಿಸಲಾಗಿದೆ.)

2017ರ ಮಳೆಗಾಲದಲ್ಲಿ ನನ್ನನ್ನು ಕಾಣಲು ಬಂದವರು ಕರಾವಳಿಯ ಕಾನ್ವೆಂಟೊಂದರ ಧರ್ಮಭಗಿನಿ. ವಯಸ್ಸು ಐವತ್ತರ ಆಸುಪಾಸು, ವೃತ್ತಿಯಿಂದ ನರ್ಸ್. ದಕ್ಷಿಣ ಸುಡಾನಿನಲ್ಲಿ ಬಿಳಿ ನೈಲ್ ನದಿಯ ದಡದಲ್ಲಿರುವ ಮಲಕಾಲ್ ಪಟ್ಟಣದಲ್ಲಿ ಅವರು ಹಲವು ವರ್ಷ ಸಣ್ಣದೊಂದು ಚಿಕಿತ್ಸಾಲಯ ನೋಡಿಕೊಂಡಿದ್ದರು. 2013ರ ಡಿಸೆಂಬರಿನಲ್ಲಿ ರಾಜಧಾನಿ ಜೂಬಾದಲ್ಲಿ ಹೊತ್ತಿಕೊಂಡ ಅಂತರ್ಯುದ್ಧ ಕೆಲವೇ ದಿನಗಳಲ್ಲಿ ಮಲಕಾಲನ್ನು ಮುಟ್ಟಿತು. ಮುಂದಿನ ತಿಂಗಳುಗಳಲ್ಲಿ ಆ ಊರು ಸರ್ಕಾರಿ ಪಡೆ ಮತ್ತು ಬಂಡುಕೋರರ ನಡುವೆ ಹಲವು ಸಲ ಕೈ ಬದಲಾಯಿತು. ಮೇಲಧಿಕಾರಿಗಳ ಸೂಚನೆಯಂತೆ ಇವರು ಜೂಬಾಕ್ಕೆ ಹೊರಟುಬಂದ ಮೇಲೆ, 2014ರ ಫೆಬ್ರವರಿಯಲ್ಲಿ, ಮಲಕಾಲಿನ ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ರೋಗಿಗಳನ್ನೂ ಕೊಲ್ಲಲಾಯಿತು. 2016ರ ಜುಲೈನಲ್ಲಿ ಜೂಬಾದಲ್ಲಿಯೇ ಮತ್ತೆ ಗುಂಡಿನ ಕಾಳಗ ನಡೆದಾಗ, ಅಲ್ಲಿನ ಭಾರತೀಯರನ್ನು ಕರೆತರುವ 'ಸಂಕಟ ಮೋಚನ' ಕಾರ್ಯಾಚರಣೆಯಲ್ಲಿ ವಾಯುಪಡೆಯ ಸಿ-17 ವಿಮಾನ ಹತ್ತಿ ಅವರು ಭಾರತಕ್ಕೆ ಬಂದರು.

ನಿದ್ರೆ ಬರುವುದಿಲ್ಲ, ಹಬ್ಬದ ಗರ್ನಾಲು ಸಿಡಿದರೆ ಮೈ ನಡುಗುತ್ತದೆ ಎಂಬುದು ಅವರು ಮೊದಲು ಹೇಳಿಕೊಂಡ ದೂರು. ಇದಕ್ಕೆ ಮನೋವೈದ್ಯರ ಬಳಿ ಕಳುಹಿಸಿದೆ. ಕೆಲವು ವಾರಗಳಲ್ಲಿ ನಿದ್ರೆ ಸುಧಾರಿಸಿತು. ನಿಜವಾದ ನೋವು ಬೇರೆ ಕಡೆ ಇತ್ತು. ಊರಿನ ಚರ್ಚುಗಳಲ್ಲಿ ಅವರಿಂದ ಅನುಭವ ಹೇಳಿಸಿ, ಕೊನೆಗೆ ಯಾರಾದರೊಬ್ಬರು "ದೇವರೇ ನಿಮ್ಮನ್ನು ಉಳಿಸಿದರು ಸಿಸ್ಟರ್" ಎನ್ನುತ್ತಿದ್ದರು. "ನನ್ನನ್ನು ಉಳಿಸಿದ್ದು ಪಾಸ್‌ಪೋರ್ಟು ಮೇಡಂ. ನನ್ನ ಜೊತೆ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ಶಿಲ್ಲುಕ್ ಬುಡಕಟ್ಟಿನ ಹುಡುಗಿಗೆ ಅದು ಇರಲಿಲ್ಲ" ಎಂದು ಅವರು ಮೂರನೆಯ ಭೇಟಿಯಲ್ಲಿ ಹೇಳಿದರು. ಆ ಮಾತಿಗೆ ನಾನು ಯಾವ ಸಮಾಧಾನವನ್ನೂ ಹೇಳಲಿಲ್ಲ, ಏಕೆಂದರೆ ಅದು ಸತ್ಯವಾಗಿತ್ತು.

ಆಗ ಅವರಿಗಿದ್ದದ್ದು ಒಂದೇ ಹಟ: ಹೇಗಾದರೂ ಮಲಕಾಲ್‌ಗೆ ಹಿಂತಿರುಗಬೇಕು. ಈ ಹಂಬಲದಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದವು. ಒಂದು, ಆ ಜನರ ಮೇಲಿನ ನೈಜ ಪ್ರೀತಿ. ಇನ್ನೊಂದು, ಬಿಟ್ಟುಬಂದ ತಪ್ಪನ್ನು ತೊಳೆದುಕೊಳ್ಳಬೇಕೆಂಬ ತಹತಹ. ಎರಡನೆಯದರ ಬಲದಿಂದ ಹೋದವರು ಅಲ್ಲಿನವರಿಂದ ಕ್ಷಮೆಯನ್ನು ನಿರೀಕ್ಷಿಸತೊಡಗುತ್ತಾರೆ. ತಮ್ಮ ಮನೆಯವರನ್ನೇ ಕಳೆದುಕೊಂಡಿರುವವರ ಮೇಲೆ ಈ ಹೊರೆಯನ್ನೂ ಹಾಕುವುದು ಅನ್ಯಾಯ ಎಂದು ನಾನು ನೇರವಾಗಿಯೇ ಹೇಳಿದೆ. ಅವರಿಗೆ ಬೇಸರವಾಯಿತು, ಮುಂದಿನ ವಾರ ಬರಲಿಲ್ಲ.

ಮರಳಿ ಬಂದಾಗ ನಾನು ಒಂದು ಕೆಲಸ ಕೊಟ್ಟೆ: ನೆನಪಿರುವವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದು, ಪ್ರತಿ ಹೆಸರಿನ ಮುಂದೆ ಆ ವ್ಯಕ್ತಿ ಈಗ ಎಲ್ಲಿದ್ದಾರೆ ಎಂಬುದನ್ನು ಪರಿಚಿತ ಪಾದ್ರಿಗಳ ಮೂಲಕ ವಿಚಾರಿಸಿ ತುಂಬುವುದು. ಕೆಲವು ತಿಂಗಳಲ್ಲಿ ಪುಟಗಳೇ ಉತ್ತರ ಕೊಟ್ಟವು. ಶಿಲ್ಲುಕ್ ಕುಟುಂಬಗಳಲ್ಲಿ ಹೆಚ್ಚಿನವು ಗಡಿ ದಾಟಿ ಸುಡಾನಿನ ಶಿಬಿರಗಳಲ್ಲಿದ್ದವು, ನುಯೆರ್ ಬುಡಕಟ್ಟಿನವರು ಇಥಿಯೋಪಿಯಾದ ಗಂಬೆಲಾ ಕಡೆಗೆ ಹೋಗಿದ್ದರು, ಕೆಲವರು ಮಲಕಾಲಿನ ಹೊರವಲಯದ ವಿಶ್ವಸಂಸ್ಥೆಯ ರಕ್ಷಣಾ ಶಿಬಿರದಲ್ಲಿದ್ದರು. 2016ರ ಫೆಬ್ರವರಿಯಲ್ಲಿ ಆ ಶಿಬಿರದ ಮೇಲೂ ದಾಳಿ ನಡೆದಿತ್ತು. ಹಲವು ಹೆಸರುಗಳ ಮುಂದೆ ಜಾಗ ಖಾಲಿ ಉಳಿಯಿತು. ಅವರು ಮರಳಬೇಕೆಂದಿದ್ದ ಸಮುದಾಯವೇ ಆ ಊರಿನಲ್ಲಿರಲಿಲ್ಲ. ಸತ್ತರೆಂದು ಅಳಲೂ ಆಗದ, ಬದುಕಿದ್ದಾರೆಂದು ನಂಬಲೂ ಆಗದ ಇಂಥ ನಷ್ಟಕ್ಕೆ ಮುಕ್ತಾಯವನ್ನು ಹುಡುಕಬಾರದು. ಅದರ ಜೊತೆ ಬಾಳುವುದನ್ನು ಕಲಿಯಬೇಕಾಗುತ್ತದೆ.

ನಾನು ಕೊಟ್ಟ ಸಲಹೆ ಇಷ್ಟು. ಮರಳುವ ತೀರ್ಮಾನವನ್ನು ಒಬ್ಬರೇ ಮಾಡಬೇಡಿ. ನಿಮ್ಮ ಸಭೆಯ ಪ್ರಾಂತ್ಯದ ಮುಖ್ಯಸ್ಥೆಯಾದ ಪ್ರೊವಿನ್ಶಿಯಲ್ ಅವರೊಡನೆ ಮಾತಾಡುವಾಗ ನಿದ್ರೆಯ ತೊಂದರೆಯನ್ನು ಮುಚ್ಚಿಡಬೇಡಿ. ಚರ್ಚುಗಳಲ್ಲಿ ಅನುಭವ ಹೇಳುವ ಆಹ್ವಾನಗಳನ್ನು ಒಂದು ವರ್ಷ ನಿರಾಕರಿಸಿ. ಸಂಪರ್ಕ ಸಿಕ್ಕವರಿಗೆ ಫೋನ್ ಮಾಡುವಾಗ ಬರುತ್ತೇನೆಂಬ ಮಾತು ಕೊಡದೆ, ಅವರಿಗೆ ಏನು ಬೇಕೆಂದು ಮಾತ್ರ ಕೇಳಿ. ಹೋಗುವ ಅವಕಾಶ ಬಂದರೆ, ಮೊದಲು ಒಂದು ತಿಂಗಳ ಭೇಟಿಗೆ ಹೋಗಿ ಬಂದು, ಆಮೇಲೆ ಯೋಚಿಸಿ.

ಪಟ್ಟಿ ಕಟ್ಟುತ್ತಿದ್ದ ಆ ಹುಡುಗಿ ಸುಡಾನಿನ ಶಿಬಿರವೊಂದರಲ್ಲಿ ಸಿಕ್ಕಳು. ಫೋನಿನಲ್ಲಿ ಸಿಸ್ಟರ್ 'ಮಾಲೇಶ್' ಎಂದು, ಅಂದರೆ ಕ್ಷಮಿಸು ಎಂದು, ಅಲ್ಲಿನ ಅರಬ್ಬಿಯಲ್ಲಿ ಹೇಳಹೊರಟರಂತೆ. ಅವಳು ಅದನ್ನು ಪೂರ್ತಿ ಕೇಳಿಸಿಕೊಳ್ಳದೆ, ಮಗುವಿನ ಜ್ವರಕ್ಕೆ ಯಾವ ಔಷಧ ಎಷ್ಟು ಕೊಡಬೇಕೆಂದು ಕೇಳಿದಳು. 2018ರ ಸೆಪ್ಟೆಂಬರಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಸಿಸ್ಟರ್ ಒಂದು ತಿಂಗಳ ಭೇಟಿಗೆ ಅನುಮತಿ ಕೋರಿ ಪತ್ರ ಬರೆದರು. ಅದರಲ್ಲಿ ಮಲಕಾಲ್ ಹೆಸರಿನ ಜೊತೆ ಆ ಶಿಬಿರದ ಹೆಸರೂ ಇತ್ತು.