ರಸೆಲ್, ರೆಮಿಂಗ್ಟನ್: ಕೌಬಾಯ್ ಕಾಲದ ಚಿತ್ರಗಳಲ್ಲಿ ಯಾರದ್ದನ್ನು ಮೊದಲು ನೋಡಬೇಕು?

ನೀವು ಕೇಳಿದ್ದು ಎರಡು ವಿಷಯ. ಅಮೆರಿಕದ ಹಳೇ ಪಶ್ಚಿಮವನ್ನು ಚಿತ್ರಿಸಿದ ಚಾರ್ಲ್ಸ್ ರಸೆಲ್ ಮತ್ತು ಫ್ರೆಡರಿಕ್ ರೆಮಿಂಗ್ಟನ್, ಇವರಲ್ಲಿ ಯಾರನ್ನು ಮೊದಲು ನೋಡಲಿ ಅನ್ನುವುದು ಒಂದು. ಅವರು ಬರೆದದ್ದು ಕಣ್ಣಾರೆ ಕಂಡದ್ದಾ, ಇಲ್ಲಾ ಕಟ್ಟುಕತೆಯಾ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ನನ್ನ ಉತ್ತರ ರಸೆಲ್. ಅದರಲ್ಲೂ 'ವೇಟಿಂಗ್ ಫಾರ್ ಎ ಚಿನೂಕ್' ಎಂಬ ಜಲವರ್ಣ ಚಿತ್ರದಿಂದ ಶುರು ಮಾಡಿ. ಹೆಚ್ಚುಕಮ್ಮಿ ಪೋಸ್ಟ್‌ಕಾರ್ಡ್‌ನಷ್ಟು ಇದೆ, ಅಷ್ಟೇ. 1886-87ರ ಚಳಿಗಾಲದಲ್ಲಿ ಮೊಂಟಾನಾದ ಹುಲ್ಲುಗಾವಲೆಲ್ಲ ಹಿಮದಡಿ ಹೂತುಹೋಗಿತ್ತು. ಮೇವಿಲ್ಲದೆ ದನಗಳು ರಾಶಿರಾಶಿ ಸತ್ತವು. ಹೆಲೆನಾ ಪಟ್ಟಣದಲ್ಲಿದ್ದ ಮಾಲೀಕರೊಬ್ಬರು ದನಗಳ ಸ್ಥಿತಿ ಹೇಗಿದೆ ಎಂದು ವಿಚಾರಿಸಿದರು. ಆ ದನಗಳನ್ನು ಕಾಯುವ ಕೆಲಸಕ್ಕಿದ್ದ ರಸೆಲ್‌ಗೆ ಆಗ 22 ವರ್ಷ. ಉತ್ತರವಾಗಿ ಒಂದು ಚಿತ್ರ ಬರೆದುಕೊಟ್ಟರು. ಎಲುಬು ಎದ್ದ ಒಂದೇ ಒಂದು ಬಡಕಲು ಹಸು, ಹಿಮದಲ್ಲಿ ಕುಗ್ಗಿ ನಿಂತಿದೆ. ಅದು ಬೀಳುವುದನ್ನೇ ಕಾಯುತ್ತಾ ತೋಳಗಳು. ಚಿನೂಕ್ ಅಂದರೆ ರಾಕಿ ಪರ್ವತಗಳಿಂದ ಇಳಿದು ಬರುವ ಬೆಚ್ಚನೆಯ ಒಣ ಗಾಳಿ. ಅದು ಬೀಸಿದರೆ ಹಿಮ ಬೇಗ ಕರಗಿ ಹುಲ್ಲು ಕಾಣುತ್ತದೆ. ಆ ಹಸು ಕಾಯುತ್ತಿರುವುದು ಅದಕ್ಕೇ. ಚಿತ್ರ ಹೆಲೆನಾದಲ್ಲಿ ಕೈಯಿಂದ ಕೈಗೆ ಹೋಗಿ, ರಸೆಲ್ ಹೆಸರು ಮೊದಲ ಸಲ ಊರೂರಿಗೆ ಗೊತ್ತಾಯಿತು.

ಗಮನಿಸಿ, ಇದರಲ್ಲಿ ಕೌಬಾಯ್ ಇಲ್ಲ. ಗುಂಡಿನ ಹೊಗೆ ಇಲ್ಲ. ಪಶ್ಚಿಮದ ಚಿತ್ರ ಅಂದರೆ ಓಡುವ ಕುದುರೆ ಅಂತ ನಾವು ಅಂದುಕೊಂಡಿದ್ದೇವಲ್ಲ, ಅದಕ್ಕೇ ಇದರಿಂದ ಶುರು ಮಾಡಿ ಅಂದದ್ದು.

ರೆಮಿಂಗ್ಟನ್ ಕಡಿಮೆಯವರೇನಲ್ಲ. ನ್ಯೂಯಾರ್ಕ್ ರಾಜ್ಯದವರು, ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಕಲೆ ಕಲಿತವರು. ಪಶ್ಚಿಮಕ್ಕೆ ಹೋಗಿ ಬಂದು, ಪೂರ್ವದ ತಮ್ಮ ಸ್ಟುಡಿಯೋದಲ್ಲಿ ಕೂತು ಪತ್ರಿಕೆಗಳಿಗೆ ಬರೆದುಕೊಟ್ಟರು. ಅವರ 'ದ ಫಾಲ್ ಆಫ್ ದ ಕೌಬಾಯ್' (1895) ನನಗೆ ತುಂಬಾ ಇಷ್ಟ. ಮುಳ್ಳುತಂತಿ ಬೇಲಿಯ ಗೇಟು, ಅದಕ್ಕಾಗಿ ಕುದುರೆಯಿಂದ ಇಳಿದ ಒಬ್ಬ ಕೌಬಾಯ್, ಸುತ್ತ ಮಂಕು ಹಿಮ. ಬಯಲಿಗೆ ಬೇಲಿ ಬಿದ್ದ ಮೇಲೆ ಇವನ ಕೆಲಸ ಮುಗಿಯಿತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೊನೆಯ ವರ್ಷಗಳ ರಾತ್ರಿ ಚಿತ್ರಗಳೂ ಚೆನ್ನಾಗಿವೆ. 1909ರಲ್ಲಿ, 48ನೇ ವಯಸ್ಸಿಗೇ ತೀರಿಕೊಂಡರು. ಆದರೆ ಗೆಳೆಯರಿಗೆ ಬರೆದ ಕಾಗದಗಳಲ್ಲಿ ಇಂಡಿಯನ್ನರ (ಅಂದರೆ ಅಮೆರಿಕದ ಮೂಲನಿವಾಸಿಗಳ) ಬಗ್ಗೆ, ವಲಸಿಗರ ಬಗ್ಗೆ ಅವರು ಕಾರಿದ ದ್ವೇಷ ಓದಿದ ಮೇಲೆ, ಅವರ ಸೈನಿಕರ ಚಿತ್ರಗಳನ್ನು ಮೊದಲಿನ ಹಾಗೆ ನೋಡಲು ನನಗಂತೂ ಆಗುವುದಿಲ್ಲ.

ಇನ್ನು ನಿಜವಾ ಕಲ್ಪನೆಯಾ ಅನ್ನುವುದು. ರಸೆಲ್ ಹುಟ್ಟಿದ್ದು 1864ರಲ್ಲಿ, ಸೇಂಟ್ ಲೂಯಿಸ್‌ನ ಅನುಕೂಲಸ್ಥ ಮನೆಯಲ್ಲಿ. 16ನೇ ವಯಸ್ಸಿಗೆ ಮೊಂಟಾನಾಕ್ಕೆ ಬಂದರು. ಮೊದಲು ಕುರಿ ಕಾಯುವ ಕೆಲಸ ಸಿಕ್ಕಿತು, ಕೈಹತ್ತಲಿಲ್ಲ. ಬೇಟೆಗಾರನೊಬ್ಬನ ಜೊತೆ ಇದ್ದರು. ಆಮೇಲೆ ದನ, ಕುದುರೆ ಕಾಯುತ್ತಾ ಸುಮಾರು ಹನ್ನೊಂದು ವರ್ಷ ಕಳೆದರು. ಹೆಚ್ಚಾಗಿ ರಾತ್ರಿ ಪಾಳಿ, ಹಗಲು ಚಿತ್ರಕ್ಕೆ ಬಿಡುವು. ಹಾಗಾಗಿ ಜೀನು, ಹಗ್ಗ, ಕುದುರೆಯ ಸಿಟ್ಟು, ಇದೆಲ್ಲ ಕಂಡದ್ದೇ.

ಆದರೆ ಅವರು ಬಂದದ್ದು ತಡವಾಗಿ. ಉತ್ತರದ ಬೈಸನ್ (ಅಮೆರಿಕದ ಕಾಡೆಮ್ಮೆ) ಹಿಂಡುಗಳು 1883ರ ಹೊತ್ತಿಗೆ ಬಹುತೇಕ ನಿರ್ನಾಮವಾಗಿದ್ದವು. ಬೈಸನ್ ನಂಬಿದ್ದ ಬ್ಲ್ಯಾಕ್‌ಫೀಟ್ ಎಂಬ ಮೂಲನಿವಾಸಿ ಜನ 1883-84ರ ಚಳಿಗಾಲದಲ್ಲಿ ನೂರಾರು ಸಂಖ್ಯೆಯಲ್ಲಿ ಹಸಿವಿನಿಂದ ಸತ್ತರು. 1914ರ 'ವೆನ್ ದ ಲ್ಯಾಂಡ್ ಬಿಲಾಂಗ್ಡ್ ಟು ಗಾಡ್' ಚಿತ್ರದಲ್ಲಿ ಬೈಸನ್ ಹಿಂಡು ನದಿ ದಾಟಿ, ಮೈಯಿಂದ ನೀರು ಸುರಿಸುತ್ತಾ ದಂಡೆ ಹತ್ತಿ ಬರುತ್ತದೆ. ಅದ್ಭುತ ಚಿತ್ರ. ಆದರೆ ಅಷ್ಟು ದೊಡ್ಡ ಹಿಂಡುಗಳ ಕಾಲದ ಕೊನೆಯ ತುದಿ ಮಾತ್ರ ಅವರಿಗೆ ಸಿಕ್ಕಿತ್ತು. ಇನ್ನೊಂದು ಕಹಿ ಸಂಗತಿ: ಬೈಸನ್ ಮೇಯುತ್ತಿದ್ದ ಹುಲ್ಲನ್ನು ಆಮೇಲೆ ಮೇಯ್ದದ್ದು ಇವರು ಕಾಯುತ್ತಿದ್ದ ದನಗಳೇ! ಇದು ಅವರಿಗೂ ಗೊತ್ತಿತ್ತು ಅನ್ನಿಸುತ್ತದೆ. 1923ರಲ್ಲಿ ಗ್ರೇಟ್ ಫಾಲ್ಸ್ ಊರಿನ ಸಭೆಯೊಂದರಲ್ಲಿ ಅವರನ್ನು 'ಪಯೋನಿಯರ್' (ಹೊಸ ನೆಲಕ್ಕೆ ಮೊದಲು ಬಂದು ನೆಲೆಸಿದವನು) ಎಂದು ಹೊಗಳಿ ಮಾತಿಗೆ ಕರೆದರು. ಪಯೋನಿಯರ್ ಅಂದರೆ ಪ್ರಾಣಿ ಕೊಂದು, ಮರ ಕಡಿದು, ನೆಲ ಉತ್ತು, ತಂತಿ ಬಿಗಿದು ಹಾಳು ಮಾಡಿದವನು ಎಂದು ಅವರ ಮುಖಕ್ಕೇ ಹೇಳಿ ಕೂತರು.

ಮೊಂಟಾನಾದ ರಾಜಧಾನಿ ಹೆಲೆನಾದ ಶಾಸನಸಭೆಯಲ್ಲಿ 1912ರ ಅವರ ದೊಡ್ಡ ಚಿತ್ರವಿದೆ, ಸುಮಾರು 25 ಅಡಿ ಅಗಲ. 1805ರಲ್ಲಿ ಪಶ್ಚಿಮವನ್ನು ಶೋಧಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಸೇಲಿಷ್ ಎಂಬ ಮೂಲನಿವಾಸಿ ಜನರನ್ನು ಭೇಟಿಯಾದ ಪ್ರಸಂಗ. ಬೇರೆಯವರಾಗಿದ್ದರೆ ಬಿಳಿಯರನ್ನೇ ನಡುವೆ ನಿಲ್ಲಿಸುತ್ತಿದ್ದರು. ಇಲ್ಲಿ ಮುಂದೆ ನುಗ್ಗಿ ಬರುವುದು ಸೇಲಿಷ್ ಸವಾರರು, ಲೂಯಿಸ್, ಕ್ಲಾರ್ಕ್ ಒಂದು ಪಕ್ಕದಲ್ಲಿ ಸಣ್ಣಗೆ ನಿಂತಿದ್ದಾರೆ. ಆ ಭೇಟಿ ನಡೆದ ಕಣಿವೆಯಿಂದ ಸೇಲಿಷ್ ಜನರನ್ನು 1891ರಲ್ಲೇ ಎಬ್ಬಿಸಿ ಕಳುಹಿಸಿ ಆಗಿತ್ತು. ಶಾಸಕರು ಈ ಚಿತ್ರದೆದುರೇ ಕೂತು ಕಾನೂನು ಮಾಡುತ್ತಾ ಬಂದಿದ್ದಾರೆ.

ನನ್ನ ತಕರಾರೂ ಇದೆ. ಅವರ ಚಿತ್ರಗಳ ಇಂಡಿಯನ್ನರು ಯಾವಾಗಲೂ ಗರಿ, ಕುದುರೆಯ ಹಳೇ ಕಾಲದಲ್ಲೇ ಇರುತ್ತಾರೆ. ಅದೇ ಹೊತ್ತಿಗೆ ಚಿಪ್ಪೆವಾ, ಕ್ರೀ ಜನ ಸ್ವಂತ ನೆಲವಿಲ್ಲದೆ ಮೊಂಟಾನಾದ ಊರುಗಳ ಅಂಚಿನಲ್ಲಿ ಪರದಾಡುತ್ತಿದ್ದರು. ಅವರಿಗೆ ಜಾಗ ಕೊಡಿ ಎಂದು ವಾದಿಸಿದವರಲ್ಲಿ ರಸೆಲ್ ಕೂಡ ಒಬ್ಬರು. 1916ರಲ್ಲಿ ರಾಕಿ ಬಾಯ್ ಮೀಸಲು ಪ್ರದೇಶ ಆಯಿತು. ಬದುಕಿನಲ್ಲಿ ಅವರ ಪರ ನಿಂತ ಮನುಷ್ಯ, ಕುಂಚ ಹಿಡಿದಾಗ ಮಾತ್ರ ಅವರ ಆಗಿನ ಪಾಡನ್ನು ಅಷ್ಟಾಗಿ ಬರೆಯಲಿಲ್ಲ. ಕೊಳ್ಳುವವರಿಗೆ ಬೇಕಾದದ್ದು ಹಳೆಯದೇ, ಅಲ್ವಾ? ಮಾರಾಟ ನೋಡಿಕೊಳ್ಳುತ್ತಿದ್ದದ್ದು ಹೆಂಡತಿ ನ್ಯಾನ್ಸಿ. ಅವರಿಲ್ಲದಿದ್ದರೆ ರಸೆಲ್ ಹೆಂಡದಂಗಡಿಯಲ್ಲಿ ಕುಡಿತಕ್ಕೆ ಚಿತ್ರ ಕೊಟ್ಟುಕೊಂಡೇ ಇರುತ್ತಿದ್ದರೋ ಏನೋ.

ಶಿಲ್ಪದ ಬಗ್ಗೆ ಒಂದೆರಡು ಮಾತು. ನಾನು ಹವ್ಯಾಸಕ್ಕೆ ಜೇಡಿಮಣ್ಣಿನಲ್ಲಿ ಗೊಂಬೆ ಮಾಡುವವನು, ಹಾಗಾಗಿ ಇಲ್ಲಿ ಸ್ವಲ್ಪ ಪಕ್ಷಪಾತ. ರಸೆಲ್ ಜೇಬಿನಲ್ಲಿ ಜೇನುಮೇಣ ಇರುತ್ತಿತ್ತು. ಮಾತಾಡುತ್ತಲೇ ಕರಡಿಯನ್ನೋ ಕುದುರೆಯನ್ನೋ ತಿದ್ದಿಬಿಡುತ್ತಿದ್ದರು. ಹಾಗೆ ಮಾಡಿದ್ದರಲ್ಲಿ ಮೊದಲು ಕಂಚಿನಲ್ಲಿ ಎರಕವಾದದ್ದು 'ಸ್ಮೋಕಿಂಗ್ ಅಪ್' (1904). ರೆಮಿಂಗ್ಟನ್ನರ 'ಬ್ರಾಂಕೊ ಬಸ್ಟರ್' (ಕಾಡು ಕುದುರೆ ಪಳಗಿಸುವವನು, 1895) ಎಂಬ ಕಂಚಿನ ಶಿಲ್ಪ ಇದಕ್ಕಿಂತ ಜಾಸ್ತಿ ಹೆಸರುವಾಸಿ. ಎರಡು ಕಾಲಿನ ಮೇಲೆ ಎದ್ದ ಕುದುರೆಯ ಇಡೀ ಭಾರವನ್ನು ಹಿಂಗಾಲಿಗೆ ಹಾಕಿ ನಿಲ್ಲಿಸುವುದು ಸುಮ್ನೆ ಮಾತಲ್ಲ. ಆದರೂ ಚಿಕ್ಕ ಪ್ರಾಣಿಗಳಲ್ಲಿ ಜೀವ ತರುವುದರಲ್ಲಿ ರಸೆಲ್ ಕೈಯೇ ಮೇಲು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 'ರೆಮಿಂಗ್ಟನ್ ಕಂಚು' ಎಲ್ಲ ನಕಲು, ಮೂಲವೆಂದು ನಂಬಿ ದುಡ್ಡು ಹಾಕಬೇಡಿ.

ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿರುವ ಏಮನ್ ಕಾರ್ಟರ್ ಮ್ಯೂಸಿಯಂನಲ್ಲಿ ಇಬ್ಬರ ಕೃತಿಗಳೂ ಇವೆ. ಅವರ ವೆಬ್‌ಸೈಟಿನಲ್ಲೇ ಎಷ್ಟೋ ಚಿತ್ರ ನೋಡಬಹುದು. ಮೊಂಟಾನಾ ಕಡೆ ಹೋದರೆ ಗ್ರೇಟ್ ಫಾಲ್ಸ್‌ನಲ್ಲಿ ರಸೆಲ್ ಮನೆ, ಪಕ್ಕದಲ್ಲೇ ಟೆಲಿಫೋನ್ ಕಂಬದ ಮರಗಳಿಂದ 1903ರಲ್ಲಿ ಕಟ್ಟಿದ ಸ್ಟುಡಿಯೋ ಇನ್ನೂ ಇವೆ.