ನಮ್ಮ ಆರೋಗ್ಯ ಕೇಂದ್ರದ ಹಿರಿಯ ಸಹಾಯಕಿಯರು ಆ್ಯಪ್ ಬಳಸಲು ಒಪ್ಪುತ್ತಿಲ್ಲ. ಅವರ ಮನೋಭಾವ ಬದಲಿಸುವುದು ಹೇಗೆ?

ಮನೋಭಾವದ ಮಾತು ಬಿಡಿ. ಉಪಕೇಂದ್ರಗಳಿಗೆ ಟ್ಯಾಬ್ಲೆಟ್ ಬಂದು, ಗರ್ಭಿಣಿಯರ ಮತ್ತು ಮಕ್ಕಳ ವಿವರವನ್ನು ಅನ್‌ಮೋಲ್ ಆ್ಯಪ್‌ನಲ್ಲಿ ತುಂಬಬೇಕೆಂದು ಆದೇಶವಾದಾಗ ನಮ್ಮ ಕೇಂದ್ರದಲ್ಲಿ ನಾನೇ ಎಲ್ಲರಿಗಿಂತ ಕಿರಿಯ ಆರೋಗ್ಯ ಸಹಾಯಕಿ. ತರಬೇತಿಯಲ್ಲಿ ಪರದೆಯ ಮೇಲೆ ಒಂದರ ಹಿಂದೊಂದು ಪುಟ ತೋರಿಸಿ ಕಳುಹಿಸಿದ್ದರು. ನಿವೃತ್ತಿ ಸಮೀಪಿಸಿದ್ದ ಸಿಸ್ಟರ್ ಒಬ್ಬರು ರಿಜಿಸ್ಟರ್ ತಂದು, "ಇದೊಂದು ಸಲ ನೀನೇ ತುಂಬಿಬಿಡಮ್ಮ" ಎಂದರು. ತುಂಬಿಕೊಟ್ಟೆ.

ಅದು ಒಂದು ಸಲಕ್ಕೆ ನಿಲ್ಲಲಿಲ್ಲ. ತಿಂಗಳ ಕೊನೆಗೆ ಎಲ್ಲ ಉಪಕೇಂದ್ರಗಳ ರಿಜಿಸ್ಟರ್‌ಗಳೂ ನನ್ನ ಮೇಜಿನ ಮೇಲೆ. ಮಾಸಿಕ ಸಭೆಯಲ್ಲಿ ನಮ್ಮ ಕೇಂದ್ರಕ್ಕೆ ಹೊಗಳಿಕೆ. ಆದರೆ ಯಾರ ತಪಾಸಣೆ ಬಾಕಿ, ಯಾವ ಮಗುವಿನ ಲಸಿಕೆ ತಪ್ಪಿದೆ ಎಂದು ಆ್ಯಪ್ ನೆನಪಿಸಬೇಕಾದದ್ದು ಮನೆಮನೆಗೆ ಹೋಗುವವರಿಗೆ. ತುಂಬುವವಳು ನಾನು, ಹೋಗುವವರು ಅವರು. ಹಿಮೋಗ್ಲೋಬಿನ್ 7 ಗ್ರಾಂಗಿಂತ ಕಡಿಮೆಯಿದ್ದ, ಅಂದರೆ ತೀವ್ರ ರಕ್ತಹೀನತೆಯ ಗರ್ಭಿಣಿಯೊಬ್ಬಳಿಗೆ ಸಿಸ್ಟರ್ ತಾಲ್ಲೂಕು ಆಸ್ಪತ್ರೆಗೆ ಹೋಗಲು ಹೇಳಿ ಬಂದಿದ್ದರು, ಆಕೆ ಹೋಗಿರಲಿಲ್ಲ. ವೈದ್ಯಾಧಿಕಾರಿಗಳು ನೋಡುವ ಗಂಡಾಂತರ ಗರ್ಭಿಣಿಯರ ಪಟ್ಟಿಗೆ ಆ ಹೆಸರು ಸೇರಿದ್ದು ವಾರಗಳ ನಂತರ, ನಾನು ತುಂಬಿದಾಗ. ಹೆರಿಗೆಯ ಹೊತ್ತಿಗೆ ರಕ್ತಕ್ಕಾಗಿ ಜಿಲ್ಲಾ ಆಸ್ಪತ್ರೆಗೆ ಓಡಬೇಕಾಯಿತು. ತಾಯಿ, ಮಗು ಇಬ್ಬರೂ ಉಳಿದರು. ನೋಟಿಸ್ ಬಂದದ್ದು ಸಿಸ್ಟರ್‌ಗೆ. ಬೇಗ ಮುಗಿಯಲಿ ಎಂದು ನಾನು ತುಂಬಿದ ಒಂದೊಂದು ಸಾಲೂ ಅವರ ಅಭ್ಯಾಸವನ್ನು ಕಸಿದಿತ್ತು. ಮೇಲಿನವರ ಕಣ್ಣಿಗೆ ಎಲ್ಲ ಸರಿಯಿದೆ ಎಂದೂ ತೋರಿಸಿತ್ತು. ಅವರಿಗೆ ಆ್ಯಪ್ ಬರುವುದಿಲ್ಲ ಎಂಬುದು ಯಾರಿಗೂ ಗೊತ್ತಾಗದಂತೆ ಮಾಡಿದವಳು ನಾನು.

ಆಮೇಲೆ ಅವರು ಕಲಿತರು. ಪ್ರತಿ ತಿಂಗಳ 9ರಂದು ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಗರ್ಭಿಣಿಯರು ಬಂದಾಗ ಟ್ಯಾಬ್ಲೆಟ್ ಅವರ ಕೈಯಲ್ಲಿ, ನಾನು ಪಕ್ಕದಲ್ಲಿ ಕೈಕಟ್ಟಿ ನಿಂತು. ಮೊದಲು ನೋಂದಣಿ ಮಾತ್ರ, ಅದು ಕುದುರಿದ ಮೇಲೆ ತಪಾಸಣೆಯ ಪುಟ. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲೂ ತುಂಬಿಟ್ಟು ಆಮೇಲೆ ಕಳುಹಿಸಬಹುದು ಎಂದು ತಿಳಿದ ದಿನವೇ ಅವರ ಅರ್ಧ ಭಯ ಹೋಯಿತು.

ನಿಮ್ಮ ಹಿರಿಯರನ್ನು ಮೊಂಡರೆನ್ನಬೇಡಿ. 2021ರಲ್ಲಿ ಕೋವಿಡ್ ಲಸಿಕೆಯ ನೋಂದಣಿಗೆ ಕೋವಿನ್ ಬಂದಾಗ ಲಸಿಕೆ ಹಾಕುತ್ತಲೇ ಅದನ್ನು ಕಲಿತವರು ಇಂಥವರೇ. ಒಂದೇ ಹೆಸರನ್ನು ತಾಯಿ ಕಾರ್ಡಿನಲ್ಲಿ, ರಿಜಿಸ್ಟರ್‌ನಲ್ಲಿ, ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರೆಯುವವರಿಗೆ ಆ್ಯಪ್ ಎಂದರೆ ಇನ್ನೊಂದು ಹೊರೆ. ಪ್ರೇರಣಾ ಭಾಷಣ ಏರ್ಪಡಿಸುವ ಬದಲು, ನಿಮ್ಮ ಕೇಂದ್ರದಲ್ಲೇ ಹುಟ್ಟಿಕೊಂಡ ರಿಜಿಸ್ಟರ್‌ಗಳಲ್ಲಿ ಯಾವುದನ್ನು ಯಾವತ್ತಿನಿಂದ ನಿಲ್ಲಿಸುತ್ತೀರಿ ಎಂದು ವೈದ್ಯಾಧಿಕಾರಿಗಳನ್ನು ಕೇಳಿ. ಉತ್ತರವನ್ನು ಲಿಖಿತವಾಗಿ ಪಡೆಯಿರಿ.